ಐದು ವರ್ಷ ಐದು ತಿಂಗಳು

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಹಳೇ ಮೀನು ಸತ್ತುಹೋಯಿತು. ಹಾಲು ಕಾಯಲು ಇಟ್ಟು, ಎಂದಿನ ಹಾಗೆ ಟ್ಯಾಂಕಿನ ಲೈಟ್ ಹಾಕಿದೆ. ಜಾವಾ ಮಾಸ್ ಅನ್ನುವ ನೀರುಪಾಚಿಯ ಬುಡದಲ್ಲಿ, ಮರಳಿನ ಮೇಲೆ, ಒಂದು ಮಗ್ಗುಲಿಗೆ ಮಲಗಿತ್ತು. ಕಿವಿರು ಆಡುತ್ತಿರಲಿಲ್ಲ. ಉಳಿದ ಮೀನುಗಳು ಮೇಲ್ಗಡೆ ತಿಂಡಿಗೆ ಕಾಯುತ್ತಾ ಓಡಾಡುತ್ತಿದ್ದವು. ಗಾಜಿಗೆ ಅಂಟಿಸಿದ ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿತ್ತು.

ಮಗಳು ಸ್ಕೂಲಿನ ಯೂನಿಫಾರ್ಮ್‌ನಲ್ಲೇ ಬಂದು ನೋಡಿದಳು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು: "ಅಮ್ಮ, ಇದು ವಯಸ್ಸಾಗಿ ಸತ್ತಿದ್ದಾ? ಇಲ್ಲ, ನಾವೇನಾದ್ರೂ ತಪ್ಪು ಮಾಡಿದ್ವಾ?"

"ವಯಸ್ಸಾಗಿ ಕಣೇ" ಅಂದೆ. ಈ ಮಾತನ್ನು ಅನುಮಾನವಿಲ್ಲದೆ ಹೇಳಿದ್ದು ಅದೇ ಮೊದಲು. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಸತ್ತ ಎಷ್ಟೋ ಮೀನುಗಳಿಗೆ "ಪಾಪ, ಆಯಸ್ಸು ಅಷ್ಟೇ ಇತ್ತು" ಅಂತ ಹೇಳಿ ಕೈತೊಳೆದುಕೊಂಡಿದ್ದೆ. ಆ ಮಾತು ಸುಳ್ಳಾಗಿತ್ತು ಅಂತ ಈಗ ಗೊತ್ತು. ಅವುಗಳ ಆಯಸ್ಸು ಇನ್ನೂ ಬೇಕಾದಷ್ಟಿತ್ತು. ನೀರಿನ ಬಿಸಿ ಅದನ್ನು ಮೊದಲೇ ಖರ್ಚು ಮಾಡಿಹಾಕಿತ್ತು.

ಈ ಮೀನಿನ ಹೆಸರು ವೈಟ್ ಕ್ಲೌಡ್. ಪೂರ್ತಿ ಹೆಸರು ವೈಟ್ ಕ್ಲೌಡ್ ಮೌಂಟನ್ ಮಿನ್ನೋ. ಉದ್ದ ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್, ನನ್ನ ಕಿರುಬೆರಳಿಗಿಂತ ಚಿಕ್ಕದು. ಮೈ ಹಿತ್ತಾಳೆ ಬಣ್ಣ. ಕಣ್ಣಿನಿಂದ ಬಾಲದವರೆಗೆ ಒಂದು ಗೆರೆ. ಬಾಲದ ಬುಡ ಕೆಂಪು, ಬೆನ್ನಿನ ರೆಕ್ಕೆಯ ಅಂಚು ಬಿಳಿ. ಮರಿಯಾಗಿದ್ದಾಗ ಆ ಗೆರೆ ನೀಲಿ ಹಸಿರಾಗಿ ಹೊಳೆಯುತ್ತದೆ. ನಿಯಾನ್ ಟೆಟ್ರಾ ಅನ್ನುವ ಹೊಳೆಯುವ ಮೀನು ದುಬಾರಿಯಾಗಿದ್ದ ಕಾಲದಲ್ಲಿ ಇದನ್ನು ಬಡವರ ನಿಯಾನ್ ಅಂತ ಕರೆಯುತ್ತಿದ್ದರಂತೆ. ಎರಡು ಗಂಡು ಮೀನುಗಳು ಎದುರಾದರೆ ಕಚ್ಚಾಡುವುದಿಲ್ಲ. ಪಕ್ಕಪಕ್ಕ ನಿಂತು ರೆಕ್ಕೆಗಳನ್ನೆಲ್ಲ ಅಗಲಿಸಿ, ಮೈ ನಡುಗಿಸಿ ತೋರಿಸುತ್ತವೆ. ಒಂದು ನಿಮಿಷ ಹಾಗೆ ನಿಂತು, ಏನೂ ಆಗದವರಂತೆ ಬೇರೆಯಾಗುತ್ತವೆ. ಸಂಜೆ ಅಡುಗೆ ಮಾಡುತ್ತಾ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಗ್ಗರಣೆ ಸೀದುಹೋದದ್ದೂ ಇದೆ.

ಚೀನಾದ ಗುವಾಂಗ್‌ಝೌ ನಗರದ ಪಕ್ಕದಲ್ಲಿ ಬೈಯುನ್ ಅನ್ನುವ ಬೆಟ್ಟವಿದೆ. ಬೈಯುನ್ ಅಂದರೆ ಬಿಳಿ ಮೋಡ. ತುಂಬಾ ಎತ್ತರದ ಬೆಟ್ಟ ಅಲ್ಲ, ತುದಿ 382 ಮೀಟರ್. ನಮ್ಮ ಬೆಂಗಳೂರೇ ಅದರ ಎರಡರಷ್ಟಕ್ಕಿಂತ ಎತ್ತರದಲ್ಲಿದೆ. ಆ ಬೆಟ್ಟದ ತೊರೆಯಲ್ಲಿ ಟಾನ್ ಕಾಮ್ ಫೇ ಅನ್ನುವ ಸ್ಕೌಟ್ ಮೇಷ್ಟ್ರು ಈ ಮೀನನ್ನು ಮೊದಲು ಹಿಡಿದು ತಂದರು. 1932ರಲ್ಲಿ ಲಿನ್ ಶು ಯೆನ್ ಅನ್ನುವ ವಿಜ್ಞಾನಿ ಇದಕ್ಕೆ ಟಾನಿಕ್ತಿಸ್ ಆಲ್ಬೊನ್ಯೂಬಿಸ್ ಅಂತ ಹೆಸರಿಟ್ಟರು. ಟಾನ್ ಅವರ ಮೀನು, ಬಿಳಿ ಮೋಡದ ಮೀನು ಅಂತ ಅರ್ಥ. ಒಬ್ಬ ಸ್ಕೌಟ್ ಮೇಷ್ಟ್ರ ಹೆಸರು ಒಂದು ಜಾತಿ ಮೀನಿಗೇ ಉಳಿದುಕೊಂಡಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಆಮೇಲಿನ ಕಥೆ ಅಷ್ಟು ಚೆನ್ನಾಗಿಲ್ಲ. ಊರು ಬೆಳೆಯಿತು, ತೊರೆ ಕೆಟ್ಟಿತು. 1980ರ ನಂತರ ಇಪ್ಪತ್ತು ವರ್ಷ ಈ ಮೀನು ಹೊರಗೆ ಎಲ್ಲೂ ಯಾರ ಕಣ್ಣಿಗೂ ಬೀಳಲಿಲ್ಲ. ಜಗತ್ತಿನ ಮನೆಗಳ ಗಾಜಿನ ತೊಟ್ಟಿಗಳಲ್ಲಿ ಲಕ್ಷಗಟ್ಟಲೆ ಇವೆ, ಹುಟ್ಟಿದ ತೊರೆಯಲ್ಲಿ ಇಲ್ಲ. 2000ದ ನಂತರ ಗುವಾಂಗ್‌ಡಾಂಗ್ ಮತ್ತು ಹೈನಾನ್ ಪ್ರಾಂತ್ಯಗಳ ಕೆಲವು ಕಡೆ ಚೂರುಪಾರು ಉಳಿದಿರುವುದು ಕಂಡಿತು.

ಈಗ ನೀರಿನ ವಿಷಯ. ಬೈಯುನ್ ಬೆಟ್ಟ ಕರ್ಕಾಟಕ ವೃತ್ತದ ಹತ್ತಿರವೇ ಇದೆ. ಬೇಸಿಗೆ ಅಲ್ಲೂ ಜೋರು. ಆದರೆ ತೊರೆ ಹರಿಯುವುದು ಮರದ ನೆರಳಲ್ಲಿ, ಕಲ್ಲಿನ ಮಧ್ಯೆ. ಚಳಿಗಾಲವೂ ಸರಿಯಾಗಿ ಬರುತ್ತದೆ. ಜನವರಿಯಲ್ಲಿ ಅಲ್ಲಿನ ಸರಾಸರಿ 13-14 ಡಿಗ್ರಿ. ಹಾಗಾಗಿ ಈ ಮೀನಿಗೆ ಹಿತವಾದ ನೀರು 14ರಿಂದ 22 ಡಿಗ್ರಿ. ಐದಾರು ಡಿಗ್ರಿಯ ಕೊರೆಯುವ ನೀರನ್ನೂ ತಡೆದುಕೊಳ್ಳುತ್ತದೆ. ಕೋಲ್ಡ್ ವಾಟರ್ ಮೀನು ಅಂದರೆ ಐಸ್ ನೀರಿನ ಮೀನು ಅಂತ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಹೀಟರ್ ಬೇಡದ ಮೀನು, ಅಷ್ಟೇ.

ನಾನು ಇದನ್ನು ತಿಳಿಯದೆ ಶುರು ಮಾಡಿದೆ. 2017ರಲ್ಲಿ ಮೊದಲ ಸಲ ಎಂಟು ವೈಟ್ ಕ್ಲೌಡ್ ತಂದಾಗ ಅಂಗಡಿಯವರು ಟ್ಯಾಂಕ್, ಫಿಲ್ಟರ್ ಜೊತೆ ಒಂದು ಹೀಟರ್ ಕೂಡ ಕಟ್ಟಿಕೊಟ್ಟರು. "ಮೇಡಂ, 27ಕ್ಕೆ ಇಟ್ಟುಬಿಡಿ. ಮೀನು ಆ್ಯಕ್ಟಿವ್ ಆಗಿರುತ್ತೆ" ಅಂದರು. ನಿಜವಾಗಿಯೂ ಆ್ಯಕ್ಟಿವ್ ಆಗಿದ್ದವು. ದಿನವಿಡೀ ಓಟ, ಯಾವಾಗಲೂ ಹಸಿವು. ಬೇಗ ಬೆಳೆದವು. ಬಂದವರೆಲ್ಲ "ಎಷ್ಟು ಚುರುಕಾಗಿವೆ" ಅಂತ ಹೊಗಳಿದರು. ಒಂದು ವರ್ಷ ಕಳೆಯುತ್ತಿದ್ದ ಹಾಗೆ ಒಂದೊಂದಾಗಿ ಸೊರಗಿದವು. ಹದಿನೆಂಟನೇ ತಿಂಗಳಿಗೆ ಒಂದೂ ಉಳಿಯಲಿಲ್ಲ. ಕಾಯಿಲೆಯ ಗುರುತಿಲ್ಲ, ಗಾಯವಿಲ್ಲ. "ಚಿಕ್ಕ ಮೀನು ಅಲ್ವಾ ಮೇಡಂ, ಒಂದೂವರೆ ವರ್ಷ ಬದುಕಿದ್ದೇ ಜಾಸ್ತಿ" ಅಂತ ಅಂಗಡಿಯವರು ಸಮಾಧಾನ ಹೇಳಿದರು. ಅವರು ಮೋಸ ಮಾಡಬೇಕು ಅಂತ ಹೇಳಿದ್ದಲ್ಲ. ಅವರಿಗೂ ಹಾಗೇ ಗೊತ್ತಿತ್ತು.

ಈ ಮೀನು ಸರಿಯಾದ ನೀರಿನಲ್ಲಿ ಮೂರರಿಂದ ಐದು ವರ್ಷ ಬದುಕುತ್ತದೆ ಅಂತ ಆಮೇಲೆ ಓದಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಸಂಕಟವಾಯಿತು. ಎಂಟು ಜೀವ.

ಬಿಸಿ ನೀರು ಆಯಸ್ಸನ್ನು ಹೇಗೆ ತಿನ್ನುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮೈಗೆ ತನ್ನದೇ ಕಾವು ಇದೆ. ಹೊರಗೆ ಚಳಿಯಿರಲಿ ಬಿಸಿಲಿರಲಿ, ಒಳಗೆ 37 ಡಿಗ್ರಿ. ಮೀನಿಗೆ ಹಾಗಿಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. ನೀರು 10 ಡಿಗ್ರಿ ಏರಿದರೆ ಮೀನಿನ ಮೈಯೊಳಗಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ನಡೆಯುತ್ತದೆ. ಉಸಿರಾಟ, ಎದೆಬಡಿತ, ಜೀರ್ಣ, ಬೆಳವಣಿಗೆ, ಸವೆತ ಎಲ್ಲವೂ. ಒಲೆಯ ಉರಿ ಜೋರು ಮಾಡಿದರೆ ಅನ್ನ ಬೇಗ ಬೇಯುತ್ತದೆ, ಸೌದೆಯೂ ಬೇಗ ಮುಗಿಯುತ್ತದೆ. ನನ್ನ ಎಂಟು ಮೀನುಗಳ ಆ ಚುರುಕುತನ ಅಂಥ ಉರಿ.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ ಲಿಯು ಮತ್ತು ವಾಲ್‌ಫರ್ಡ್ ಅನ್ನುವ ಇಬ್ಬರು ಸಂಶೋಧಕರು 1960ರ ದಶಕದಲ್ಲಿ ದಕ್ಷಿಣ ಅಮೆರಿಕದ ಒಂದು ಪುಟ್ಟ ಮೀನನ್ನು ಎರಡು ಗುಂಪು ಮಾಡಿ ಸಾಕಿದರು. ಹೊಂಡ ಬತ್ತುವುದರೊಳಗೆ ಹುಟ್ಟಿ, ಬೆಳೆದು, ಸಾಯುವ ಅಲ್ಪಾಯುಷಿ ಮೀನು ಅದು. ಒಂದು ಗುಂಪಿನ ನೀರು ಇನ್ನೊಂದಕ್ಕಿಂತ ಐದಾರು ಡಿಗ್ರಿ ತಣ್ಣಗೆ. ತಣ್ಣೀರಿನ ಗುಂಪು ಜಾಸ್ತಿ ಕಾಲ ಬದುಕಿತು. ಮೈಯೂ ದೊಡ್ಡದಾಗಿ ಬೆಳೆಯಿತು. 2006ರಲ್ಲಿ ಇಟಲಿಯ ಸಂಶೋಧಕರು ಆಫ್ರಿಕಾದ ಇನ್ನೊಂದು ಅಲ್ಪಾಯುಷಿ ಮೀನಿನ ಮೇಲೆ ಇಂಥದ್ದೇ ಪ್ರಯೋಗ ಮಾಡಿದರು. ಒಂದು ಗುಂಪಿಗೆ 25 ಡಿಗ್ರಿ, ಇನ್ನೊಂದಕ್ಕೆ 22. ವ್ಯತ್ಯಾಸ ಬರೀ ಮೂರು ಡಿಗ್ರಿ. ತಣ್ಣಗಿದ್ದ ಮೀನುಗಳ ಆಯಸ್ಸು ಹೆಚ್ಚಾಯಿತು. ಅಷ್ಟೇ ಅಲ್ಲ, ವಯಸ್ಸಾದ ಮೇಲೂ ಅವು ಚೆನ್ನಾಗಿ ಈಜುತ್ತಿದ್ದವು, ಹೊಸದನ್ನು ಕಲಿಯುವ ಶಕ್ತಿಯೂ ನಿಧಾನವಾಗಿ ಕುಂದಿತು. ಮೂರು ಡಿಗ್ರಿ ಅಂದರೆ ಹೀಟರಿನ ಗುಂಡಿಯನ್ನು ಒಂದು ಚೂರು ತಿರುಗಿಸುವಷ್ಟು.

ಇನ್ನೊಂದು ವಿಷಯ ಉಸಿರು. ಬಿಸಿ ಏರಿದಷ್ಟೂ ನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಸಮುದ್ರ ಮಟ್ಟದ ಊರಿನಲ್ಲಿ 20 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ 7.6. ಬೆಂಗಳೂರು 900 ಮೀಟರ್ ಎತ್ತರದಲ್ಲಿ ಇರುವುದರಿಂದ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇದರಲ್ಲೂ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳಬೇಕು. ಮೈ ಹೆಚ್ಚು ಉಸಿರು ಕೇಳುವ ಹೊತ್ತಿಗೇ ನೀರಿನಲ್ಲಿ ಉಸಿರು ಕಡಿಮೆ. ಏಪ್ರಿಲ್ ಮಧ್ಯಾಹ್ನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಆಟವಲ್ಲ. ಜೊತೆಗೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಕೂಡ ಬಿಸಿ ನೀರಿನಲ್ಲಿ ಹೆಚ್ಚು ವಿಷ. ಕ್ಷಾರ ಗುಣ ಹೆಚ್ಚಿರುವ ನೀರಿನಲ್ಲಿ ಅದರ ಕಾಟ ಇನ್ನೂ ಜಾಸ್ತಿ.

2019ರ ಆಗಸ್ಟ್‌ನಲ್ಲಿ ಮತ್ತೆ ಆರು ಮೀನು ತಂದೆ. ಮಗಳು ಆಗ ಯುಕೆಜಿ. ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತು, ಹಳ್ಳ ಬಂದಾಗಲೆಲ್ಲ "ಅಂಕಲ್, ನಿಧಾನ" ಅನ್ನುತ್ತಿದ್ದಳು. ಈ ಸಲ ಹೀಟರನ್ನು ಅಟ್ಟದ ಮೇಲೆ ಹಾಕಿದೆ. ಎರಡಡಿಯ ಟ್ಯಾಂಕ್, ಸುಮಾರು 55 ಲೀಟರ್ ನೀರು. ಕಿಟಕಿಯಿಂದ ದೂರ, ಊಟದ ಮನೆಯ ಒಳಗೋಡೆಗೆ ಸೇರಿಸಿ ಇಟ್ಟೆ. ಒಂದು ಹಳೇ ಡೈರಿಯಲ್ಲಿ ದಿನಾ ಬೆಳಿಗ್ಗೆ ನೀರಿನ ಡಿಗ್ರಿ ಬರೆಯತೊಡಗಿದೆ.

ಆದರೂ ತಪ್ಪು ಆಯಿತು. 2020ರ ಏಪ್ರಿಲ್, ಲಾಕ್‌ಡೌನ್. ಎಲ್ಲರೂ ಮನೆಯಲ್ಲೇ. ಮಧ್ಯಾಹ್ನ ಊಟ ಆದ ಮೇಲೆ ಟ್ಯಾಂಕ್ ಕ್ಲೀನ್ ಮಾಡೋಣ ಅಂತ ಮೂರನೇ ಒಂದು ಭಾಗ ನೀರು ತೆಗೆದೆ. ನಲ್ಲಿ ನೀರನ್ನು ಬಕೆಟ್‌ಗೆ ಹಿಡಿದು, ಕ್ಲೋರಿನ್ ಹೋಗಲು ಔಷಧಿ ಹಾಕಿ, ಸುರಿದುಬಿಟ್ಟೆ. ಆ ನಲ್ಲಿಗೆ ನೀರು ಬರುವುದು ಟೆರೇಸಿನ ಕಪ್ಪು ಟ್ಯಾಂಕಿನಿಂದ. ಮೂರು ಗಂಟೆಯ ಬಿಸಿಲಿಗೆ ಕಾದ ನೀರು. ಕೈಗೆ ಸ್ವಲ್ಪ ಬೆಚ್ಚಗಿದೆ ಅನ್ನಿಸಿತ್ತು, ಅಷ್ಟೇ ಅಂದುಕೊಂಡೆ. ಮೀನುಗಳು ಒಮ್ಮೆಲೇ ಅಡ್ಡಾದಿಡ್ಡಿ ಓಡಿದವು. ಎರಡು ಮೀನು ಅವತ್ತು ಸಂಜೆಯೊಳಗೆ ಸತ್ತವು. ಮರುದಿನ ಅದೇ ಹೊತ್ತಿಗೆ ನಲ್ಲಿ ನೀರಿಗೆ ಥರ್ಮಾಮೀಟರ್ ಹಿಡಿದು ನೋಡಿದೆ. 36 ಡಿಗ್ರಿ. ಅದನ್ನು ನೋಡಿ ಅಲ್ಲೇ ಕೂತುಬಿಟ್ಟೆ. ಸಂಪಿನ ನೀರು ಅದೇ ಹೊತ್ತಿನಲ್ಲಿ 25 ಇತ್ತು. ಕೆಳಗೆ ಹೋಗಿ ಒಂದು ಬಕೆಟ್ ಸೇದಿಕೊಂಡು ಬರುವಷ್ಟು ತಾಳ್ಮೆ ಇದ್ದಿದ್ದರೆ ಸಾಕಿತ್ತು.

ಅವತ್ತಿನಿಂದ ನೀರು ಬದಲಿಸುವುದು ಬೆಳಿಗ್ಗೆ ಆರಕ್ಕೆ, ಸಂಪಿನ ನೀರಿನಲ್ಲಿ, ಐದನೇ ಒಂದು ಭಾಗ ಮಾತ್ರ. ಬಕೆಟ್ಟಿನ ನೀರಿಗೂ ಟ್ಯಾಂಕಿನ ನೀರಿಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದು ನಮ್ಮ ಮನೆಯ ಕಾನೂನು.

ಬೇಸಿಗೆಯ ಬಿಸಿಗೆ ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ಅರಸೀಕೆರೆ ಕಡೆಯವರು. ಪ್ರತಿ ಬೇಸಿಗೆಗೆ ಬಂದಾಗ ಮೊದಲು ಮಾಡುವ ಕೆಲಸ, ಅಡುಗೆಮನೆಯ ಮೂಲೆಯಲ್ಲಿ ಮರಳು ಹಾಸಿ ಮಣ್ಣಿನ ಮಡಕೆ ಕೂರಿಸುವುದು. ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ನೀರಿಗೆ ಒಂದು ಹಿಡಿ ಲಾವಂಚದ ಬೇರು ಹಾಕುತ್ತಾರೆ. ನಾನು ಪ್ಲಾಸ್ಟಿಕ್ ಬಾಟಲಿಯಲ್ಲಿ ಐಸ್ ಮಾಡಿ ಟ್ಯಾಂಕಿಗೆ ಬಿಡುವುದನ್ನು ಎರಡು ದಿನ ನೋಡಿದರು. ಬಾಟಲಿ ಬಿಟ್ಟಾಗ ನೀರು ಸರ್ರನೆ ಇಳಿಯುತ್ತಿತ್ತು, ಐಸ್ ಕರಗಿದ ಮೇಲೆ ಮತ್ತೆ ಏರುತ್ತಿತ್ತು. ಮೀನುಗಳಿಗೆ ಅದು ಇನ್ನೊಂದು ಹಿಂಸೆ.

"ಅಲ್ಲಮ್ಮಾ, ಮಡಕೆ ನೀರಿಗೆ ಯಾರು ಐಸ್ ಹಾಕ್ತಾರೆ? ಗಾಳಿ ಆಡೋಕೆ ಬಿಟ್ರೆ ಅದೇ ತಣ್ಣಗಾಗುತ್ತೆ. ಇದಕ್ಯಾಕೆ ಮುಚ್ಚಳ ಮುಚ್ಚಿ ಉಸಿರು ಕಟ್ಟಿಸ್ತೀಯಾ?" ಅಂದರು.

ಮುಚ್ಚಳ ತೆಗೆದೆ. ಹಳೇ ಕಂಪ್ಯೂಟರಿನಿಂದ ಬಿಚ್ಚಿದ ಒಂದು ಪುಟ್ಟ ಫ್ಯಾನನ್ನು ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಹಾಗೆ ಕಟ್ಟಿದೆ. ವೈಟ್ ಕ್ಲೌಡ್ ನೀರಿನಿಂದ ಹೊರಗೆ ನೆಗೆಯುವ ಮೀನು, ಹಾಗಾಗಿ ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಮೇಲೆ ಹಾಸಿದೆ. ಬೆಳಿಗ್ಗೆ ಫ್ಯಾನ್ ಹಾಕುವಾಗ 29 ಇದ್ದ ನೀರು ಸಂಜೆಗೆ 25.5ಕ್ಕೆ ಬಂದಿತ್ತು. ಹೊರಗೆ 35 ಡಿಗ್ರಿ ಬಿಸಿಲು. ಅತ್ತೆ ಥರ್ಮಾಮೀಟರ್ ನೋಡಲೇ ಇಲ್ಲ. ಟ್ಯಾಂಕಿನ ಗಾಜಿಗೆ ಅಂಗೈ ಒತ್ತಿ, "ಈಗ ಸರಿ" ಅಂದರು.

ನೀರು ಆವಿಯಾಗುವಾಗ ಉಳಿದ ನೀರಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಅದು ಒಯ್ಯುವ ಕಾವು ಎಷ್ಟು ಅಂದರೆ, ಹೊರಗಿನ ಬಿಸಿ ಒಳಗೆ ಬರದೇ ಇದ್ದರೆ, ಹೆಚ್ಚುಕಡಿಮೆ ನಮ್ಮ ಟ್ಯಾಂಕಿನಷ್ಟು ನೀರನ್ನು 10 ಡಿಗ್ರಿ ಇಳಿಸಬಹುದು. ಬೆಂಗಳೂರಿನ ಏಪ್ರಿಲ್ ಗಾಳಿ ಒಣಗಾಳಿ. ಅದಕ್ಕೇ ಇಲ್ಲಿ ಬಟ್ಟೆ ಬೇಗ ಒಣಗುತ್ತದೆ, ಮಡಕೆ ನೀರು ತಣ್ಣಗಾಗುತ್ತದೆ, ಫ್ಯಾನ್ ಕೆಲಸ ಮಾಡುತ್ತದೆ. ಮಂಗಳೂರಿನಲ್ಲಿರುವ ನನ್ನ ಗೆಳತಿ ಇದನ್ನೇ ಮಾಡಿ ನೋಡಿದಳು. ಒಂದೇ ಒಂದು ಡಿಗ್ರಿ ಇಳಿಯಿತು. ಅಲ್ಲಿನ ಸೆಕೆಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಇನ್ನಷ್ಟು ಎಲ್ಲಿ ಹೀರುತ್ತದೆ? ಅವಳು ವೈಟ್ ಕ್ಲೌಡ್ ತರುವ ಆಸೆ ಬಿಟ್ಟಳು. ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು. ಕರಾವಳಿಯಲ್ಲಿ, ರಾಯಚೂರು ಕಲಬುರಗಿಯ ಬಿಸಿಲಲ್ಲಿ ಈ ಮೀನು ಸಾಕಬೇಡಿ ಅಂತಲೇ ನಾನು ಹೇಳುವುದು. ದುಡ್ಡು ಖರ್ಚು ಮಾಡಿ, ನೀರು ತಣ್ಣಗೆ ಮಾಡುವ ಚಿಲ್ಲರ್ ಹಾಕಿಸಿ, ವರ್ಷವಿಡೀ ಓಡಿಸುವ ಮನಸ್ಸಿದ್ದರೆ ಬೇರೆ ಮಾತು. ಬೆಚ್ಚಗಿನ ನೀರಿಗೆ ಒಗ್ಗುವ ಚೆಂದದ ಮೀನುಗಳು ಬೇಕಾದಷ್ಟಿವೆ.

2024ರ ಬೇಸಿಗೆ ಇದೆಲ್ಲದಕ್ಕೂ ಪರೀಕ್ಷೆ. ನಗರದಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು, ನಮ್ಮ ರಸ್ತೆಗೆ ಟ್ಯಾಂಕರ್ ಬರುವ ದಿನ ಜನ ಬಾಗಿಲಲ್ಲೇ ಕಾಯುತ್ತಿದ್ದರು. ಏಪ್ರಿಲ್‌ನಲ್ಲಿ ಬಿಸಿಲು 38 ದಾಟಿತು. ಕುಡಿಯುವ ನೀರಿಗೇ ಕಷ್ಟ ಇರುವಾಗ ಮೀನಿಗೆ ನೀರು ಬದಲಿಸುವುದು ಸರಿಯಾ ಅಂತ ನನಗೆ ನಿಜವಾಗಿ ಕಸಿವಿಸಿಯಾಗುತ್ತಿತ್ತು. ಟ್ಯಾಂಕಿನಿಂದ ತೆಗೆದ ಒಂದು ಹನಿಯನ್ನೂ ಚರಂಡಿಗೆ ಬಿಡಲಿಲ್ಲ. ಕರಿಬೇವಿಗೆ, ಕನಕಾಂಬರಕ್ಕೆ, ಮೆಟ್ಟಿಲ ಪಕ್ಕದ ದಾಸವಾಳಕ್ಕೆ. ಗಿಡಗಳು ಆ ವರ್ಷ ಹಿಂದೆಂದಿಗಿಂತ ಚೆನ್ನಾಗಿದ್ದವು. ಊಟ ಕೊಡುವುದನ್ನು ದಿನಕ್ಕೆ ಒಂದೇ ಸಲಕ್ಕೆ ಇಳಿಸಿದೆ. ಕರೆಂಟ್ ಹೋದಾಗ ಟ್ಯಾಂಕಿನ ಸುತ್ತ ಒದ್ದೆ ಟವೆಲ್. ಆಗ 2019ರ ಆರರಲ್ಲಿ ಉಳಿದಿದ್ದವು ಎರಡು, ಎರಡಕ್ಕೂ ನಾಲ್ಕೂವರೆ ದಾಟಿತ್ತು. ಎರಡೂ ಆ ಬೇಸಿಗೆ ದಾಟಿದವು.

ಗೋಲ್ಡ್ ಫಿಶ್ ಬಗ್ಗೆ ಹೇಳದೆ ಇರಲಾರೆ. ಅದು ಕೂಡ ತಣ್ಣೀರಿನ ಮೀನೇ. ಚೀನಾದವರು ಸಾವಿರ ವರ್ಷದ ಹಿಂದೆ ಸಾಕಲು ಶುರು ಮಾಡಿದ್ದು. ಮೇಲೆ ಹಿಮ ಕಟ್ಟಿದ ಕೊಳದ ತಳದಲ್ಲಿ ಚಳಿಗಾಲ ಕಳೆಯಬಲ್ಲ ಗಟ್ಟಿ ಜೀವ. ಅದಕ್ಕೆ ಹಿತ 18ರಿಂದ 22 ಡಿಗ್ರಿ. ಸರಿಯಾಗಿ ನೋಡಿಕೊಂಡರೆ ಹತ್ತು, ಹದಿನೈದು, ಇಪ್ಪತ್ತು ವರ್ಷ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1956ರ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಅನ್ನುವ ಗೋಲ್ಡ್ ಫಿಶ್ 1999ರವರೆಗೆ ಬದುಕಿತ್ತು. 43 ವರ್ಷ! ಗಿನ್ನೆಸ್ ದಾಖಲೆ ಅದು.

ನಮ್ಮಲ್ಲಿ? ಟಿವಿ ಪಕ್ಕ ಒಂದು ದುಂಡನೆಯ ಗಾಜಿನ ಬೋಗುಣಿ. ಎರಡು ಲೀಟರ್ ನೀರು. ಫಿಲ್ಟರ್ ಇಲ್ಲ. ಎರಡು ಗೋಲ್ಡ್ ಫಿಶ್. ವಾಸ್ತುವಿಗೆ ಒಳ್ಳೇದು ಅಂತ ಈಶಾನ್ಯದ ಮೂಲೆಯಲ್ಲಿ ಇಡುತ್ತಾರೆ. ಮೂರು ತಿಂಗಳಲ್ಲಿ ಸತ್ತರೆ, "ಮನೆ ಮೇಲಿದ್ದ ದೃಷ್ಟಿಯನ್ನ ಮೀನು ತಗೊಂಡು ಹೋಯ್ತು" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಕೋಪ ಬರುತ್ತದೆ. ನಂಬಿಕೆಯ ಮೇಲೆ ಕೋಪ ಅಲ್ಲ. ಆ ಮಾತು ಬೋಗುಣಿಯನ್ನು ಹಾಗೇ ಉಳಿಸುತ್ತದೆ, ಮತ್ತೆ ಎರಡು ಮೀನು ತಂದು ಬಿಡುತ್ತಾರೆ, ಅದಕ್ಕೆ. ಆ ಮೀನು ಸತ್ತದ್ದು ತನ್ನದೇ ಹೊಲಸಿನ ಅಮೋನಿಯಾದಲ್ಲಿ, ಉಸಿರಿಲ್ಲದ ಬಿಸಿ ನೀರಿನಲ್ಲಿ. ದೊಡ್ಡ ಟ್ಯಾಂಕಿಗೆ ಜಾಗವಿಲ್ಲದ ಮನೆಯಲ್ಲಿ ಗೋಲ್ಡ್ ಫಿಶ್ ಬೇಡವೇ ಬೇಡ. ಅದು ಅಂಗೈಯುದ್ದ ಬೆಳೆಯುವ ಮೀನು.

ಸಣ್ಣ ಟ್ಯಾಂಕ್, ಹೀಟರ್ ಬೇಡ, ಬೇಸಿಗೆಯನ್ನೂ ತಡೆಯಬೇಕು ಅನ್ನುವವರಿಗೆ ನಾನು ಹೇಳುವುದು ಜೀಬ್ರಾ ಡೇನಿಯೊ. ನಮ್ಮದೇ ದೇಶದ ಮೀನು. ಚಳಿಗಾಲದ ತಣ್ಣೀರು, ಬೇಸಿಗೆಯ ಬೆಚ್ಚನೆ ನೀರು ಎರಡನ್ನೂ ಕಂಡದ್ದು. ಇದಕ್ಕೆ 1822ರಲ್ಲಿ ಹೆಸರು ಕೊಟ್ಟ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪು ಸತ್ತ ಮರುವರ್ಷ ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ಹೊಲ, ಸಂತೆ, ಕಸುಬುಗಳನ್ನು ಬರೆದಿಟ್ಟ ಅದೇ ಫ್ರಾನ್ಸಿಸ್ ಬುಕನನ್. ಆಮೇಲೆ ಹೆಸರು ಬದಲಿಸಿಕೊಂಡರು. ಹೊಲಗದ್ದೆಯ ಹೊಂಡಗಳಲ್ಲಿ ಈ ಮೀನಿನ ಬದುಕು ಹೆಚ್ಚಾಗಿ ಒಂದೇ ವರ್ಷ. ಟ್ಯಾಂಕಿನಲ್ಲಿ ಮೂರೂವರೆ, ನಾಲ್ಕು, ಕೆಲವು ಐದು ವರ್ಷ. ಕೊಕ್ಕರೆ ಇಲ್ಲ, ಹೊಂಡ ಬತ್ತುವುದಿಲ್ಲ. ಜಗತ್ತಿನ ಪ್ರಯೋಗಾಲಯಗಳಲ್ಲಿ ಇದನ್ನು 28 ಡಿಗ್ರಿಯಲ್ಲಿ ಸಾಕುತ್ತಾರೆ. ಮೊಟ್ಟೆ ಬೇಗ ಒಡೆಯಬೇಕು, ಮರಿ ಮೂರು ತಿಂಗಳಲ್ಲಿ ದೊಡ್ಡದಾಗಬೇಕು, ಪ್ರಯೋಗ ಮುಂದೆ ಹೋಗಬೇಕು. ಮನೆಯಲ್ಲಿ ಸಾಕುವವರಿಗೆ ಆ ಆತುರ ಏನಿದೆ? 22-24 ಸಾಕು.

ಮತ್ತೆ ನಮ್ಮ ಹಳೇ ಮೀನಿಗೆ ಬರುತ್ತೇನೆ. ಮೀನಿನ ಮುಪ್ಪು ಹೇಗಿರುತ್ತದೆ ಅಂತ ನಾನು ಅದರಲ್ಲೇ ಮೊದಲು ನೋಡಿದ್ದು. ನಾಲ್ಕನೇ ವರ್ಷ ಕಳೆದ ಮೇಲೆ ಕಣ್ಣಿನಿಂದ ಬಾಲಕ್ಕೆ ಹೋಗುವ ಗೆರೆ ಮಸುಕಾಯಿತು. ಬೆನ್ನು ಸ್ವಲ್ಪ ಬಾಗಿತು. ಹೊಟ್ಟೆಯ ಭಾಗ ಸಣ್ಣಗಾಯಿತು. ತಿಂಡಿ ಹಾಕಿದಾಗ ಎಳೆಯವು ಮೇಲೆ ಮುತ್ತುತ್ತಿದ್ದರೆ ಇದು ಕೆಳಗೆ ನಿಂತು, ಉದುರಿ ಬರುವ ಚೂರಿಗೆ ಕಾಯುತ್ತಿತ್ತು. ನಾನು ತಿಂಡಿಯನ್ನು ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ, ಒದ್ದೆ ಮಾಡಿ, ಮಾಸ್ ಪಕ್ಕ ಬಿಡುತ್ತಿದ್ದೆ. ನಿಧಾನವಾಗಿ ಬಂದು ತಿನ್ನುತ್ತಿತ್ತು. ಅತ್ತೆ ಒಂದು ದಿನ ನೋಡುತ್ತಾ ನಿಂತಿದ್ದವರು, "ನಿನ್ನ ಮಾವನಿಗೂ ಕೊನೇಲಿ ಹೀಗೇ ಮಾಡಿ ಕೊಡ್ತಿದ್ದೆ" ಅಂದರು. ಅನ್ನವನ್ನು ಮೆದುವಾಗಿ ಕಿವುಚಿ, ತಿಳಿಸಾರು ಹಾಕಿ. ಅಷ್ಟು ಹೇಳಿ ಒಳಗೆ ಹೋದರು.

ಚಳಿಗಾಲ ಅದಕ್ಕೆ ಒಳ್ಳೆಯ ಕಾಲ. ಡಿಸೆಂಬರ್‌ನಲ್ಲಿ ನೀರು 20ಕ್ಕೆ ಇಳಿದಾಗ ಮಸುಕಾದ ಮೈಯಲ್ಲೂ ಬಾಲದ ಕೆಂಪು ಎದ್ದು ಬರುತ್ತಿತ್ತು. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಡಿಸೆಂಬರಿನಲ್ಲಿ ಇದು ಮತ್ತು ಒಂದು ಹೆಣ್ಣು ಮಾಸ್ ಒಳಗೆ ನುಗ್ಗಿ ನುಗ್ಗಿ ಮೊಟ್ಟೆ ಚೆಲ್ಲಿದ್ದವು. ಎರಡು ಮೂರು ದಿನಕ್ಕೆ ಗಾಜಿನ ಮೇಲೆ ಸೂಜಿಮೊನೆಯಷ್ಟು ಮರಿಗಳು. ಮಗಳೇ ಮೊದಲು ಕಂಡದ್ದು. "ಅಮ್ಮ, ಗಾಜಿಗೆ ಕಣ್ಣು ಬಂದಿದೆ" ಅಂತ ಕೂಗಿದ್ದಳು. ಹೊಟ್ಟೆ ತುಂಬಿದ ವೈಟ್ ಕ್ಲೌಡ್‌ಗಳು ಮರಿಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಏಳು ಮರಿ ಉಳಿದು ದೊಡ್ಡವಾದವು.

ಆರು ಮೀನು, ಎಂಟು ಮೀನಿನ ಲೆಕ್ಕದಿಂದ ವಿಜ್ಞಾನ ಆಗುವುದಿಲ್ಲ, ಗೊತ್ತು. ಆದರೆ 27 ಡಿಗ್ರಿಯ ಎಂಟರಲ್ಲಿ ಒಂದೂ ಎರಡು ವರ್ಷ ಕಾಣಲಿಲ್ಲ. ಹೀಟರಿಲ್ಲದ ಆರರಲ್ಲಿ ನನ್ನ ಕೈಯಾರೆ ಸತ್ತ ಎರಡನ್ನು ಬಿಟ್ಟರೆ, ಒಂದು ಮೂರು ವರ್ಷ, ಒಂದು ನಾಲ್ಕು ವರ್ಷ, ಒಂದು ಐದು ತುಂಬುವ ಹೊತ್ತಿಗೆ ಹೋದವು. ಈ ಕೊನೆಯದು ಐದು ವರ್ಷ ಐದು ತಿಂಗಳು. ಅಂಗಡಿಯಿಂದ ಬರುವಾಗಲೇ ಕೆಲವು ತಿಂಗಳು ಆಗಿರುತ್ತದೆ, ಅದು ಲೆಕ್ಕಕ್ಕೆ ಸಿಕ್ಕಿಲ್ಲ.

ಅವತ್ತು ಸ್ಕೂಲ್ ವ್ಯಾನ್ ಬರುವುದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಚಮಚದಲ್ಲಿ ಮೀನನ್ನು ಎತ್ತಿ, ಒಂದು ವೀಳ್ಯದೆಲೆಯ ಮೇಲೆ ಇಟ್ಟುಕೊಂಡು ಬಾಲ್ಕನಿಗೆ ಹೋದೆವು. ಕನಕಾಂಬರದ ಕುಂಡದಲ್ಲಿ ಮಗಳು ಹಳೇ ಸ್ಪೂನಿನಿಂದ ಗುಂಡಿ ತೋಡಿದಳು. ಮಣ್ಣು ಮುಚ್ಚಿ, ಕೈ ತೊಳೆದು ಬಂದು ಡೈರಿ ತೆಗೆದಳು. 2019ರ ಆಗಸ್ಟ್ ಪುಟದಲ್ಲಿ ಅಂಗಡಿಯ ಬಿಲ್ಲು ಇನ್ನೂ ಅಂಟಿಕೊಂಡಿತ್ತು, ಅಕ್ಷರ ಅಳಿಸಿಹೋಗಿತ್ತು. ಬೆರಳು ಮಡಚಿ ತಿಂಗಳು ಎಣಿಸಿ, ಆವತ್ತಿನ ಪುಟದಲ್ಲಿ ಬರೆದಳು.

"ಮರಿಗಳಿಗೆ ಈಗ ಎಷ್ಟು?" ಅಂತ ಕೇಳಿದಳು. ಅವು ಮರಿಗಳಲ್ಲ, ಪೂರ್ತಿ ಬೆಳೆದ ಮೀನು. ಆದರೆ ನಮ್ಮ ಮನೆಯಲ್ಲಿ ಅವುಗಳ ಹೆಸರು ಇನ್ನೂ ಮರಿಗಳೇ.

"ನೀನೇ ಲೆಕ್ಕ ಹಾಕು."

ಮತ್ತೆ ಬೆರಳು ಮಡಚಿದಳು. ಕೆಳಗೆ ವ್ಯಾನಿನ ಹಾರ್ನ್ ಆಯಿತು. ಅತ್ತೆ ಬಾಗಿಲಲ್ಲಿ ಲಂಚ್ ಬ್ಯಾಗ್ ಹಿಡಿದು ನಿಂತಿದ್ದರು. ನಿಂತುಕೊಂಡೇ, ಅವಸರದ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದು ಓಡಿದಳು: ಮರಿಗಳು, 3 ವರ್ಷ 1 ತಿಂಗಳು. ನೀರು 20.